ಮಲೆನಾಡಿನ ಮನೆಗೆ ಸರ್ಕಾರಿ ಆರೋಗ್ಯ ಸೇವೆ: ಹಂತ ಹಂತವಾಗಿ ಬಳಸಿಕೊಳ್ಳುವುದು ಹೇಗೆ?

ಸರ್ಕಾರಿ ಆರೋಗ್ಯ ಸೇವೆ ಅಂದ ಕೂಡಲೇ ನೆನಪಾಗುವುದು ಚೀಟಿ ಮಾಡಿಸುವ ಸಾಲು, ಮಾತ್ರೆ, ಇಂಜೆಕ್ಷನ್. ಆದರೆ ಈ ಸೇವೆಯ ಹೆಚ್ಚಿನ ಕೆಲಸ ನಡೆಯುವುದು ಆಸ್ಪತ್ರೆಯ ಹೊರಗೆ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಸುವುದು, ಯಾವ ಊರಲ್ಲಿ ಎಷ್ಟು ಜನಕ್ಕೆ ಜ್ವರ ಎಂದು ಲೆಕ್ಕ ಇಡುವುದು, ಮಂಗ ಸತ್ತ ಜಾಗಕ್ಕೆ ಔಷಧಿ ಹಾಕುವುದು, ಮಗುವಿನ ಲಸಿಕೆಯ ದಿನ ಮನೆಗೆ ಬಂದು ನೆನಪಿಸುವುದು, ಎಲ್ಲವೂ ಅದರಲ್ಲೇ ಬರುತ್ತವೆ. ಇವೆಲ್ಲ ಸರಿಯಾಗಿ ನಡೆದ ವರ್ಷ ಊರಲ್ಲಿ ಏನೂ ಆಗುವುದಿಲ್ಲ. ಹಾಗಾಗಿ ಆ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನೊಂದು ವಿಷಯವನ್ನು ನಾವು ಮರೆಯುತ್ತೇವೆ. ಈ ಕೆಲಸ ಶುರುವಾಗಬೇಕಾದರೆ ನಮ್ಮ ಮನೆಯಿಂದ ಸುದ್ದಿ ಹೋಗಬೇಕು. ನಮ್ಮ ಕಡೆ ಮನೆಗಳು ಗುಂಪಾಗಿ ಇರುವುದಿಲ್ಲ. ತೋಟಕ್ಕೊಂದು ಮನೆ, ಗುಡ್ಡದಾಚೆ ಇನ್ನೊಂದು. ಒಂದು ಮನೆಯಲ್ಲಿ ಮೂವರು ಮಲಗಿದ್ದರೂ ಪಕ್ಕದ ಮನೆಗೆ ಗೊತ್ತಾಗಲು ವಾರ ಬೇಕು. ನಾವು ಹೇಳದೆ ಇದ್ದರೆ ಆರೋಗ್ಯ ಇಲಾಖೆಗೆ ಗೊತ್ತಾಗುವ ದಾರಿಯೇ ಇಲ್ಲ. ಶಿವಮೊಗ್ಗ ಜಿಲ್ಲೆಯ ಹಳ್ಳಿಮನೆಗಳನ್ನು ಮನಸ್ಸಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಪಕ್ಕದ ಚಿಕ್ಕಮಗಳೂರು, ಉತ್ತರ ಕನ್ನಡದ ಮಲೆನಾಡಿನವರಿಗೂ ಬಹುತೇಕ ಹೀಗೇ ಅನ್ವಯಿಸುತ್ತದೆ.

ಹಂತ 1: ನಿಮ್ಮ ಊರಿಗೆ ಯಾರು ಎಂದು ತಿಳಿದುಕೊಳ್ಳಿ

ಕಾಯಿಲೆ ಇಲ್ಲದ ದಿನ ಈ ಕೆಲಸ ಮಾಡಿ. ಜ್ವರದಲ್ಲಿ ನಡುಗುವಾಗ ಫೋನ್ ನಂಬರ್ ಹುಡುಕುವುದು ಕಷ್ಟ.

ಮೊದಲು ಆಶಾ ಕಾರ್ಯಕರ್ತೆ. ಸುಮಾರು 1000 ಜನಕ್ಕೆ ಒಬ್ಬರು ಇರಬೇಕು ಎನ್ನುವುದು ಲೆಕ್ಕ. ಅವರು ನಿಮ್ಮ ಊರಿನವರೇ ಆಗಿರುತ್ತಾರೆ. ಆಮೇಲೆ ಉಪಕೇಂದ್ರ. ಬಯಲುಸೀಮೆಯಲ್ಲಿ 5000 ಜನಕ್ಕೆ ಒಂದು ಉಪಕೇಂದ್ರವಾದರೆ ಗುಡ್ಡಗಾಡಿನಲ್ಲಿ 3000 ಜನಕ್ಕೆ ಒಂದು. ನಾವು ನರ್ಸಮ್ಮ ಎಂದು ಕರೆಯುವವರು ಅಲ್ಲಿ ಇರುತ್ತಾರೆ. ಈಗ ಅವರ ಹುದ್ದೆಯ ಹೆಸರು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಎಷ್ಟೋ ಉಪಕೇಂದ್ರಗಳಿಗೆ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಬೋರ್ಡ್ ಬಂದಿದೆ. ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಓ, ಬಿಪಿ ಮತ್ತು ಶುಗರ್ ನೋಡಿ ಮಾತ್ರೆ ಕೊಡುತ್ತಾರೆ. ಬೇಕಾದರೆ ಫೋನ್ ಪರದೆಯಲ್ಲೇ ದೂರದ ಡಾಕ್ಟರ ಜೊತೆ ಮಾತಾಡಿಸುತ್ತಾರೆ. ಆ ವ್ಯವಸ್ಥೆಗೆ ಇ-ಸಂಜೀವಿನಿ ಎಂದು ಹೆಸರು.

ಇದರ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರ, ನಮ್ಮ ಬಾಯಲ್ಲಿ ಪಿಎಚ್‌ಸಿ. ಅಲ್ಲಿ ಡಾಕ್ಟರ್ ಜೊತೆಗೆ ಆರೋಗ್ಯ ನಿರೀಕ್ಷಣಾಧಿಕಾರಿ ಇರುತ್ತಾರೆ. ನೀರು, ಸೊಳ್ಳೆ, ಮಂಗನ ಕಾಯಿಲೆ, ಇವೆಲ್ಲ ಅವರ ಕೆಲಸ. ಜನ ಡಾಕ್ಟರನ್ನು ಮಾತ್ರ ಗುರುತಿಟ್ಟುಕೊಂಡಿರುತ್ತಾರೆ, ಇವರನ್ನು ಕೇಳುವವರೇ ಕಡಿಮೆ. ಮಲೆನಾಡಿನಲ್ಲಿ ಇವರ ನಂಬರ್ ಇಟ್ಟುಕೊಳ್ಳುವುದು ಡಾಕ್ಟರ ನಂಬರಿನಷ್ಟೇ ಮುಖ್ಯ. ಆಮೇಲೆ ತಾಲೂಕು ಆಸ್ಪತ್ರೆ. ಕೊನೆಗೆ ಶಿವಮೊಗ್ಗದ ಮೆಗ್ಗಾನ್, ಅಂದರೆ ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಜಿಲ್ಲಾ ಬೋಧನಾ ಆಸ್ಪತ್ರೆ. ಶಿವಮೊಗ್ಗ, ಭದ್ರಾವತಿ ಪೇಟೆಯಲ್ಲಿ ಇರುವವರಿಗೆ ನಗರ ಆರೋಗ್ಯ ಕೇಂದ್ರ ಮತ್ತು 'ನಮ್ಮ ಕ್ಲಿನಿಕ್' ಎಂಬ ಸರ್ಕಾರಿ ಚಿಕಿತ್ಸಾಲಯ ಇವೆ.

ಗಡಿಯ ಊರಿನವರು ಒಂದು ವಿಷಯ ಗಮನಿಸಿ. ಹತ್ತಿರದ ಪಿಎಚ್‌ಸಿಯೇ ನಿಮ್ಮ ಪಿಎಚ್‌ಸಿ ಆಗಿರಬೇಕು ಎಂದಿಲ್ಲ. ಹುಷಾರಿಲ್ಲದಾಗ ಯಾವ ಆಸ್ಪತ್ರೆಗೆ ಹೋದರೂ ನೋಡುತ್ತಾರೆ. ಆದರೆ ಬಾವಿಗೆ ಪುಡಿ ಹಾಕಿಸಲು, ಮಂಗನ ಕಾಯಿಲೆ ತಡೆಯಲು ಕೊಡುವ ಎಣ್ಣೆ ಬಾಟಲಿ ಪಡೆಯಲು ನಿಮ್ಮ ಊರು ಯಾರ ಪಟ್ಟಿಯಲ್ಲಿದೆ ಎಂಬುದು ಗೊತ್ತಿರಬೇಕು. ಆಶಾ ಅಕ್ಕನನ್ನು ಕೇಳಿದರೆ ಒಂದೇ ಮಾತಿಗೆ ಹೇಳುತ್ತಾರೆ.

ಈ ನಂಬರುಗಳನ್ನೆಲ್ಲ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಯ ಕ್ಯಾಲೆಂಡರ್ ಪಕ್ಕ ಅಂಟಿಸಿ. ಫೋನಿನಲ್ಲಿ ಮಾತ್ರ ಇದ್ದರೆ ಮನೆಯ ಅಜ್ಜಿಗೆ ಸಿಗುವುದಿಲ್ಲ. ಜೊತೆಗೆ ಇವನ್ನೂ ಬರೆಯಿರಿ:

108 – ಆಂಬುಲೆನ್ಸ್
104 – ಆರೋಗ್ಯ ಸಹಾಯವಾಣಿ. ಸಲಹೆಗೂ ಆಯಿತು, ದೂರಿಗೂ ಆಯಿತು
14416 – ಟೆಲಿ ಮಾನಸ್, ಮನಸ್ಸಿನ ತೊಂದರೆಗೆ

108ಕ್ಕೆ ಫೋನ್ ಮಾಡಿದರೆ ಮಾತಾಡುವವರು ನಿಮ್ಮ ಊರು ನೋಡಿರುವುದಿಲ್ಲ. ತಾಲೂಕು, ಹೋಬಳಿ, ಗ್ರಾಮ ಪಂಚಾಯಿತಿ, ಹತ್ತಿರದ ಬಸ್ ನಿಲ್ದಾಣ ಅಥವಾ ಶಾಲೆ, ಈ ಕ್ರಮದಲ್ಲಿ ಹೇಳಿ. ಮನೆತನದ ಹೆಸರು ಹೇಳಿದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. ಗಾಡಿ ಬಾರದ ಮನೆಯಾದರೆ ರೋಗಿಯನ್ನು ಯಾವ ಜಾಗದ ತನಕ ತರುತ್ತೀರಿ ಎಂದು ಮೊದಲೇ ತೀರ್ಮಾನಿಸಿಕೊಳ್ಳಿ. ಸಿಗ್ನಲ್ ಎಲ್ಲಿ ಸಿಗುತ್ತದೆ, ಯಾರ ಮನೆಯ ಜೀಪು ರಾತ್ರಿಯೂ ಸಿಗುತ್ತದೆ ಎಂಬುದು ಮನೆಯ ಎಲ್ಲರಿಗೂ ಗೊತ್ತಿರಲಿ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರು ವರ್ಷಾನುಗಟ್ಟಲೆ ಲಾಂಚ್ ನಂಬಿಕೊಂಡಿದ್ದರು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಸಾಗರದ ಆಸ್ಪತ್ರೆಗೆ ರಸ್ತೆಯಲ್ಲೇ ಹೋಗಬಹುದು. ಒಂದು ಸೇತುವೆಯೂ ಆರೋಗ್ಯ ಸೇವೆಯೇ ಎಂದು ನಾನು ನಂಬುತ್ತೇನೆ.

ಹಂತ 2: ಜ್ವರದ ಸುದ್ದಿಯನ್ನು ಬೇಗ ಮುಟ್ಟಿಸಿ

ನಮ್ಮಲ್ಲಿ ಒಂದು ಅಭ್ಯಾಸ ಇದೆ. ಜ್ವರ ಬಂದರೆ ಮೊದಲು ಕಷಾಯ, ಆಮೇಲೆ ಮೆಡಿಕಲ್ ಅಂಗಡಿಯ ಮಾತ್ರೆ, ಆಮೇಲೆ ಪೇಟೆಯ ಕ್ಲಿನಿಕ್‌ನಲ್ಲಿ ಒಂದು ಇಂಜೆಕ್ಷನ್. ಇಷ್ಟು ಹೊತ್ತಿಗೆ ನಾಲ್ಕೈದು ದಿನ ಹೋಗಿರುತ್ತದೆ. ಖಾಸಗಿ ಡಾಕ್ಟರ ಹತ್ತಿರ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಎಲ್ಲಿಗೆ ಹೋದರೂ ಆಶಾಗೆ ಒಂದು ಫೋನ್ ಮಾಡಿ. "ಅಕ್ಕಾ, ನಮ್ಮನೇಲಿ ಇಬ್ಬರಿಗೆ ಎರಡು ದಿನದಿಂದ ಜ್ವರ" ಅಂದರೆ ಸಾಕು.

ಈ ಒಂದು ಮಾತಿಗೆ ಎಷ್ಟು ಬೆಲೆ ಇದೆ ಗೊತ್ತಾ? ನಿಮ್ಮ ಮನೆಯ ಇಬ್ಬರು, ಮೇಲಿನಕೇರಿಯ ಒಬ್ಬರು, ಹೊಳೆಯಾಚೆಯ ಇನ್ನಿಬ್ಬರು, ಇವರೆಲ್ಲ ಒಂದೇ ಪುಸ್ತಕದಲ್ಲಿ ಬಂದಾಗ ಇದು ಸಾಮಾನ್ಯ ಶೀತಜ್ವರವಲ್ಲ ಎಂದು ಪಿಎಚ್‌ಸಿಗೆ ಹೊಳೆಯುತ್ತದೆ. ಆಗ ರಕ್ತದ ಮಾದರಿ ತೆಗೆಯಲು ಬರುತ್ತಾರೆ, ನೀರು ನೋಡುತ್ತಾರೆ, ಮನೆ ಮನೆ ಸುತ್ತುತ್ತಾರೆ. ಬಿಡಿ ಬಿಡಿಯಾಗಿ ಐದು ಕ್ಲಿನಿಕ್‌ಗಳಲ್ಲಿ ಹಂಚಿಹೋದ ಐದು ಜ್ವರ ಯಾರಿಗೂ ಏನನ್ನೂ ಹೇಳುವುದಿಲ್ಲ.

ರಕ್ತ ಪರೀಕ್ಷೆಗೂ ದಿನದ ಲೆಕ್ಕ ಮುಖ್ಯ. ಡೆಂಗಿಯ ಎನ್‌ಎಸ್1 ಪರೀಕ್ಷೆ ಸರಿಯಾಗಿ ಹಿಡಿಯುವುದು ಜ್ವರ ಬಂದ ಮೊದಲ ಐದು ದಿನ. ಆಮೇಲೆ ಐಜಿಎಂ ಎಂಬ ಬೇರೆ ಪರೀಕ್ಷೆ ಬೇಕು. ಹಾಗಾಗಿ ಜ್ವರ ಯಾವ ದಿನ ಶುರುವಾಯಿತು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಡಾಕ್ಟರ್ ಕೇಳಿದಾಗ "ಮೊನ್ನೆಯೋ ಆಚೆಮೊನ್ನೆಯೋ" ಅನ್ನುವಂತೆ ಆಗಬಾರದು. ಕಾಡಿಗೆ, ಗದ್ದೆಗೆ, ಬೇರೆ ಊರಿಗೆ ಹೋಗಿದ್ದನ್ನೂ ಹೇಳಿ.

ಹಂತ 3: ಮಂಗನ ಕಾಯಿಲೆಗೆ ದೀಪಾವಳಿ ಕಳೆದ ಕೂಡಲೇ ತಯಾರಾಗಿ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇದು ನಮ್ಮ ಜಿಲ್ಲೆಯಲ್ಲೇ ಮೊದಲು ಪತ್ತೆಯಾದ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಹಳ್ಳಿಯವರಿಗೆ ಜ್ವರ ಬಂತು. ಹಾಗಾಗಿಯೇ ಕ್ಯಾಸನೂರು ಕಾಡಿನ ಕಾಯಿಲೆ, ಕೆಎಫ್‌ಡಿ ಎಂಬ ಹೆಸರು ಪ್ರಪಂಚದ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಇದೆ. 2018ರ ಕೊನೆಗೆ ಶುರುವಾಗಿ 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಸುತ್ತ ಎಷ್ಟೋ ಮನೆಗಳಲ್ಲಿ ಸಾವು ಆಯಿತು. ಆ ನೋವು ನಮ್ಮವರಿಗೆ ಇನ್ನೂ ಹಸಿ.

ಕಾಯಿಲೆ ಮಂಗನ ಹೆಸರಲ್ಲಿದ್ದರೂ ಹರಡುವುದು ಉಣುಗು, ಅಂದರೆ ಉಣ್ಣೆ. ಅದರಲ್ಲೂ ಕಣ್ಣಿಗೆ ಸರಿಯಾಗಿ ಕಾಣದ ಮರಿ ಉಣುಗು. ಮಳೆ ನಿಂತು ನೆಲ ಒಣಗಿದ ಮೇಲೆ ಅವು ತರಗೆಲೆಯ ನಡುವೆ ತುಂಬಿಕೊಳ್ಳುತ್ತವೆ. ಡಿಸೆಂಬರ್‌ನಿಂದ ಮೇ ತನಕ ಇದರ ಕಾಲ. ನಾವು ಕೊಟ್ಟಿಗೆಗೆ ದರಗು ಗುಡಿಸಿ ತರುವುದು, ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು ಕಡಿಯುವುದು, ಸೌದೆ ಹೊರುವುದು, ಎಲ್ಲ ಆಗಲೇ. ರೋಗಿಯನ್ನು ಮುಟ್ಟಿದರೆ, ಜೊತೆಗೆ ಕೂತು ಉಂಡರೆ ಇದು ಬರುವುದಿಲ್ಲ. ಕಾಯಿಲೆ ಬಂದ ಮನೆಯವರನ್ನು ದೂರ ಇಡುವುದು ತಪ್ಪು, ಅನ್ಯಾಯ ಕೂಡ.

ಏನು ಮಾಡಬೇಕು? ನವೆಂಬರ್ ತಿಂಗಳಲ್ಲೇ ಆಶಾ ಹತ್ತಿರ ಡೆಪಾ ಎಣ್ಣೆ ಕೇಳಿ. ಉಣುಗು ಮೈಗೆ ಹತ್ತದಂತೆ ಹಚ್ಚಿಕೊಳ್ಳುವ ಎಣ್ಣೆ ಇದು. ಆರೋಗ್ಯ ಇಲಾಖೆ ಪುಕ್ಕಟೆ ಕೊಡುತ್ತದೆ. ಕಾಡಿಗೆ ಹೊರಡುವ ಮುಂಚೆ ಕೈ, ಕಾಲು, ಕುತ್ತಿಗೆಗೆ ಹಚ್ಚಿಕೊಳ್ಳಬೇಕು. ಕಣ್ಣು, ಬಾಯಿ, ಗಾಯಕ್ಕೆ ತಾಗಬಾರದು. ಎಷ್ಟೋ ಮನೆಗಳಲ್ಲಿ ಬಾಟಲಿ ಅಟ್ಟದ ಮೇಲೆ ಹಾಗೇ ಇರುತ್ತದೆ. ಕತ್ತಿ ಇಡುವ ಜಾಗದಲ್ಲೇ ಬಾಟಲಿಯನ್ನೂ ಇಡಿ, ಆಗ ಮರೆಯುವುದಿಲ್ಲ. ಕೆಲಸಕ್ಕೆ ಬರುವವರಿಗೂ ಕೊಡಿ. ದರಗು ತರುವುದು ಹೆಚ್ಚಾಗಿ ಅವರೇ ಅಲ್ವಾ?

ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟ್ ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದ ಒಳಗೆ ಸೇರಿಸಿ. ಕಾಡಲ್ಲಿ ಬರಿ ನೆಲದ ಮೇಲೆ ಕೂರಬೇಡಿ. ವಾಪಸ್ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಬಚ್ಚಲ ಒಲೆಯ ಬಿಸಿನೀರು ಇದ್ದೇ ಇರುತ್ತದೆ. ಕಂಕುಳು, ಸೊಂಟ, ಮೊಣಕಾಲಿನ ಹಿಂಭಾಗ, ಕಿವಿಯ ಹಿಂದೆ ನೋಡಿಕೊಳ್ಳಿ. ಉಣುಗು ಕಚ್ಚಿಕೊಂಡಿದ್ದರೆ ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಬೆರಳಲ್ಲಿ ಹೊಸಕಬೇಡಿ. ಸೀಮೆಎಣ್ಣೆ ಹಾಕುವುದು, ಬೀಡಿಯಿಂದ ಸುಡುವುದು ಬೇಡ. ದರಗನ್ನು ಮನೆಯ ಅಂಗಳದಲ್ಲಿ ರಾಶಿ ಹಾಕಬೇಡಿ. ದನದ ಮೈಯ ಉಣುಗಿಗೆ ಔಷಧಿ ಬೇಕಾದರೆ ಪಶು ಆಸ್ಪತ್ರೆಯಲ್ಲಿ ಕೇಳಿ.

ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ. ಕೆಂಪು ಮೂತಿಯ ಮಂಗವಾಗಲಿ, ಕಪ್ಪು ಮೂತಿಯ ಮುಸಿಯವಾಗಲಿ, ಎರಡಕ್ಕೂ ಈ ಕಾಯಿಲೆ ಬರುತ್ತದೆ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಇಳಿದು ಸುತ್ತಲೂ ಹರಡುತ್ತವೆ. ಆ ಜಾಗವೇ ಎಲ್ಲಕ್ಕಿಂತ ಅಪಾಯದ್ದು. ಪುಣ್ಯದ ಕೆಲಸ ಎಂದು ನೀವೇ ಹೂಳಲು ಹೋಗಬೇಡಿ. ಪಿಎಚ್‌ಸಿಗೆ ಅಥವಾ ಅರಣ್ಯ ಇಲಾಖೆಯವರಿಗೆ ತಿಳಿಸಿ. "ನಮ್ಮ ಮನೆ ಹಿಂದಿನ ಕಾನಲ್ಲಿ, ಹೊಳೆ ದಾರಿಯ ಬಲಗಡೆ" ಎಂದು ಜಾಗ ಸ್ಪಷ್ಟವಾಗಿ ಹೇಳಿ. ಪಶುವೈದ್ಯರು ಬಂದು ಮಾದರಿ ತೆಗೆಯುತ್ತಾರೆ, ಸುತ್ತಲೂ ಉಣುಗು ಸಾಯುವ ಪುಡಿ ಹಾಕುತ್ತಾರೆ, ಊರಿನವರಿಗೆ ಆ ಕಡೆ ಹೋಗದಂತೆ ಹೇಳುತ್ತಾರೆ. ಮನುಷ್ಯರಿಗೆ ಜ್ವರ ಬರುವ ಮುಂಚೆ ಸಿಗುವ ಮುಖ್ಯ ಎಚ್ಚರಿಕೆ ಇದು.

ಜ್ವರ ಹೀಗಿರುತ್ತದೆ: ಉಣುಗು ಕಚ್ಚಿ 3ರಿಂದ 8 ದಿನದಲ್ಲಿ ಒಮ್ಮೆಲೇ ಜೋರು ಜ್ವರ, ಹಣೆ ಒಡೆಯುವಂಥ ತಲೆನೋವು, ಸೊಂಟ ಮತ್ತು ಕಾಲುಗಳಲ್ಲಿ ತಡೆಯಲಾಗದ ನೋವು, ಕಣ್ಣು ಕೆಂಪು, ವಾಂತಿ ಭೇದಿ. ಕೆಲವರಿಗೆ ಮೂಗು, ವಸಡಿನಲ್ಲಿ ರಕ್ತ. ಕಾಡಿನ ಸಂಪರ್ಕ ಇದ್ದವರಿಗೆ ಈ ಕಾಲದಲ್ಲಿ ಇಂಥ ಜ್ವರ ಬಂದರೆ ಒಂದು ದಿನವೂ ಕಾಯಬೇಡಿ. ಪಿಎಚ್‌ಸಿಯಲ್ಲಿ ರಕ್ತ ತೆಗೆದು ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸರಿ. ಮೈಕೈ ನೋವಿಗೆ ಎಂದು ಆಸ್ಪಿರಿನ್, ಬ್ರೂಫೆನ್ ಥರದ ಮಾತ್ರೆ ನುಂಗಬೇಡಿ, ರಕ್ತಸ್ರಾವ ಹೆಚ್ಚಾಗಬಹುದು. ಡೆಂಗಿಗೂ ಇದೇ ಮಾತು.

ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಆಸ್ಪತ್ರೆಯಲ್ಲಿ ನೀರಿನಂಶ ಕಾಯುವುದು, ಪ್ಲೇಟ್‌ಲೆಟ್ ನೋಡುತ್ತಿರುವುದು, ರಕ್ತಸ್ರಾವವಾದರೆ ಕೂಡಲೇ ನೋಡಿಕೊಳ್ಳುವುದೇ ಚಿಕಿತ್ಸೆ. ಬೇಗ ಹೋದವರಲ್ಲಿ ಹೆಚ್ಚಿನವರು ಗುಣವಾಗುತ್ತಾರೆ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರ ಚೆನ್ನಾಗಿದ್ದು ಮತ್ತೆ ಬರುತ್ತದೆ. ಈ ಸಲ ಕುತ್ತಿಗೆ ಬಿಗಿತ, ನಡುಕ, ಮಾತು ತೊದಲುವುದು, ಗಲಿಬಿಲಿ ಕಾಣಿಸಿಕೊಳ್ಳಬಹುದು. ಮನೆಗೆ ಬಂದ ಮೇಲೂ ಒಂದು ತಿಂಗಳು ಕಣ್ಣಿಟ್ಟಿರಿ.

ಲಸಿಕೆಯ ವಿಷಯ ಎಲ್ಲರೂ ಕೇಳುತ್ತಾರೆ. ಹಿಂದೆ ಕೊಡುತ್ತಿದ್ದ ಲಸಿಕೆಯ ಶಕ್ತಿ ಸಾಲದು ಎಂದು ಕಂಡುಬಂದು ಅದನ್ನು ನಿಲ್ಲಿಸಲಾಗಿದೆ. ಹೊಸ ಲಸಿಕೆ ಪ್ರಯೋಗದ ಹಂತದಲ್ಲಿದೆ. ಹಾಗಾಗಿ "ನನಗೆ ಹಿಂದೆ ಮೂರು ಸಲ ಹಾಕಿದ್ದಾರೆ" ಎಂಬ ಧೈರ್ಯದಲ್ಲಿ ಬರಿಗಾಲಲ್ಲಿ ಕಾನಿಗೆ ಹೋಗಬೇಡಿ.

ಹಂತ 4: ಮಳೆಗಾಲಕ್ಕೆ ಮುಂಚೆ ನೀರು ಮತ್ತು ತೋಟ

ನಮ್ಮ ಅಬ್ಬಿ ನೀರು, ಬಾವಿ ನೀರು ಶುದ್ಧ ಎಂಬ ಹೆಮ್ಮೆ ನಮಗಿದೆ. ಬೇಸಿಗೆಯಲ್ಲಿ ಅದು ನಿಜವೂ ಇರಬಹುದು. ಆದರೆ ಮೊದಲ ಜೋರು ಮಳೆಗೆ ಗುಡ್ಡದ ಮೇಲಿನದ್ದೆಲ್ಲ ಕೆಳಗೆ ಬರುತ್ತದೆ. ಕೊಟ್ಟಿಗೆ ಮತ್ತು ಶೌಚಗುಂಡಿ ಬಾವಿಗಿಂತ ಎತ್ತರದಲ್ಲಿ ಇದ್ದರೆ ಅಪಾಯ ಇನ್ನೂ ಜಾಸ್ತಿ. ಟೈಫಾಯ್ಡ್, ಕಾಮಾಲೆ, ವಾಂತಿಭೇದಿ ಬರುವುದು ಹೀಗೆ.

ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇರುತ್ತದೆ, ಕೇಳಿ. ಅದರಲ್ಲಿ ಒಂದು ಚಿಕ್ಕ ಬಾಟಲಿಗೆ ನೀರು ತುಂಬಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಮಲದ ಅಂಶ ಸೇರಿದೆ ಎಂದರ್ಥ. ಬ್ಲೀಚಿಂಗ್ ಪುಡಿಯ ಲೆಕ್ಕ: ಒಳ್ಳೆ ಗುಣಮಟ್ಟದ ಪುಡಿಯಾದರೆ 1000 ಲೀಟರಿಗೆ ಸುಮಾರು 2.5 ಗ್ರಾಂ. ಪುಡಿಯನ್ನು ಬಕೆಟ್ ನೀರಲ್ಲಿ ಕಲಸಿ, ಸುಣ್ಣ ತಳ ಕಂಡ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಬಿಡಬೇಕು. ಒಂದು ಗಂಟೆ ಬಿಟ್ಟು ನೀರು ಬಳಸಬಹುದು. ಬಾವಿಯಲ್ಲಿ ಎಷ್ಟು ನೀರಿದೆ ಎಂಬ ಲೆಕ್ಕ ಗೊತ್ತಾಗದಿದ್ದರೆ ಆರೋಗ್ಯ ನಿರೀಕ್ಷಣಾಧಿಕಾರಿಯನ್ನು ಕರೆಯಿರಿ. ಪುಡಿ ಹಾಕಿದ ಬಾವಿಯಾದರೂ ಮಳೆಗಾಲ ಪೂರ್ತಿ ಕುದಿಸಿ ಆರಿಸಿದ ನೀರನ್ನೇ ಕುಡಿಯಿರಿ. ಒಂದೇ ಕೇರಿಯ ಎರಡು ಮನೆಯಲ್ಲಿ ಕಾಮಾಲೆ ಕಂಡರೆ ನಾಟಿ ಔಷಧಿಗೆ ಓಡುವ ಮುಂಚೆ ಪಿಎಚ್‌ಸಿಗೆ ತಿಳಿಸಿ. ಮೂಲ ನೀರಿನಲ್ಲಿ ಇರುತ್ತದೆ.

ಡೆಂಗಿ ಸೊಳ್ಳೆ ಪೇಟೆಯದ್ದು ಎಂದು ಅಂದುಕೊಳ್ಳಬೇಡಿ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಚಿಪ್ಪು, ಟ್ಯಾಪಿಂಗ್ ನಿಲ್ಲಿಸಿದ ರಬ್ಬರ್ ಮರದ ಬಟ್ಟಲು, ಮಾಡಿನ ಮೇಲೆ ಹೊದಿಸಿದ ಪ್ಲಾಸ್ಟಿಕ್‌ನ ಮಡಿಕೆ, ಇವುಗಳಲ್ಲಿ ನಿಂತ ತಿಳಿನೀರೇ ಅದಕ್ಕೆ ಬೇಕಾದ್ದು. ವಾರಕ್ಕೊಂದು ದಿನ ಗೊತ್ತುಮಾಡಿ ಎಲ್ಲ ಬೋರಲು ಹಾಕಿ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರ ಬೇಕು, ಆದ್ದರಿಂದ ವಾರಕ್ಕೊಮ್ಮೆ ಖಾಲಿ ಮಾಡಿದರೆ ಅದು ಹಾರುವುದೇ ಇಲ್ಲ. ಆಶಾ ಲಾರ್ವಾ ನೋಡಲು ಬಂದಾಗ ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿ. ಕರ್ನಾಟಕದಲ್ಲಿ 2024ರ ಸೆಪ್ಟೆಂಬರ್‌ನಿಂದ ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ಹಳ್ಳಿಯಲ್ಲಿ 200, ಪೇಟೆಯಲ್ಲಿ 400 ರೂಪಾಯಿ ದಂಡ ಹಾಕುವ ನಿಯಮವೂ ಇದೆ.

ಗದ್ದೆ ನಾಟಿಯ ಕಾಲದಲ್ಲಿ ಇಲಿ ಜ್ವರ. ಇಲಿಯ ಮೂತ್ರ ಸೇರಿದ ಕೆಸರು ನೀರು ಕಾಲಿನ ಗಾಯಕ್ಕೆ ತಾಗಿದರೆ ಬರುತ್ತದೆ. ಜ್ವರದ ಜೊತೆ ಮೀನಖಂಡ ಹಿಂಡುವಂಥ ನೋವು, ಕೆಂಪು ಕಣ್ಣು ಇದ್ದರೆ "ನಾನು ಗದ್ದೆಗೆ ಇಳಿದಿದ್ದೆ" ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಬೇಗ ಗೊತ್ತಾದರೆ ಸಾಮಾನ್ಯ ಆಂಟಿಬಯಾಟಿಕ್‌ನಲ್ಲೇ ವಾಸಿಯಾಗುತ್ತದೆ. ತಡವಾದರೆ ಲಿವರ್, ಕಿಡ್ನಿಗೆ ಹೋಗುತ್ತದೆ.

ಹಂತ 5: ಹಾವು ಮತ್ತು ನಾಯಿ

ಹಾವು ಕಚ್ಚಿದರೆ ಕಟ್ಟು ಹಾಕಬೇಡಿ, ಕೊಯ್ಯಬೇಡಿ, ಬಾಯಲ್ಲಿ ಹೀರಬೇಡಿ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ. ಕಚ್ಚಿದ ಕೈ ಅಥವಾ ಕಾಲನ್ನು ದಬ್ಬೆಕೋಲಿಗೆ ಕಟ್ಟಿ ಅಲ್ಲಾಡದಂತೆ ಮಾಡಿ ಹೊತ್ತುಕೊಂಡು ಹೋಗಿ, ನಡೆಸಬೇಡಿ. ಹಾವು ಹುಡುಕುತ್ತಾ ಹೊತ್ತು ಕಳೆಯಬೇಡಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಒಂದೇ ವಿಷಪ್ರತಿರೋಧಕ ಔಷಧಿ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಕೊಡುತ್ತಾರೆ. ದಾರಿಯಲ್ಲೇ ಫೋನ್ ಮಾಡಿ "ಹಾವಿನ ಔಷಧಿ ಇದೆಯಾ, ಡಾಕ್ಟರ್ ಇದ್ದಾರಾ" ಎಂದು ಕೇಳಿ. ಇಲ್ಲದಿದ್ದರೆ ನೇರ ತಾಲೂಕು ಆಸ್ಪತ್ರೆಗೆ ಹೋಗಿ.

ಕಟ್ಟುಹಾವಿನ ಬಗ್ಗೆ ವಿಶೇಷ ಎಚ್ಚರ ಬೇಕು. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತದೆ, ನೋವೇ ಇರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋಲುವುದು, ನುಂಗಲು ಕಷ್ಟ ಆದರೆ ಹಾವಿನ ಅನುಮಾನ ಇಟ್ಟುಕೊಂಡೇ ಆಸ್ಪತ್ರೆಗೆ ಓಡಿ.

ನಾಯಿ, ಬೆಕ್ಕು, ಮಂಗ ಯಾವುದೇ ಕಚ್ಚಿದರೂ ಗಾಯವನ್ನು ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಮೆಣಸಿನಪುಡಿ ಬೇಡ. ರೇಬೀಸ್ ಲಸಿಕೆ ಪುಕ್ಕಟೆ. ಕಚ್ಚಿದ ದಿನ ಒಂದು, ಆಮೇಲೆ 3, 7 ಮತ್ತು 28ನೇ ದಿನ. ಆಳದ ಗಾಯವಾದರೆ ಗಾಯದ ಸುತ್ತ ಹಾಕುವ ಇನ್ನೊಂದು ಇಂಜೆಕ್ಷನ್ ಕೂಡ ಬೇಕು, ಅದನ್ನು ಕೇಳಿ. ಮಧ್ಯದಲ್ಲಿ ಬಿಡಬೇಡಿ. ರೇಬೀಸ್ ಬಂದ ಮೇಲೆ ಉಳಿಸುವ ದಾರಿ ಇಲ್ಲ.

ಹಂತ 6: ಬಸುರಿ, ಬಾಣಂತಿ, ಮಗು

ಬಸುರಿ ಎಂದು ಗೊತ್ತಾದ ಕೂಡಲೇ ಉಪಕೇಂದ್ರದಲ್ಲಿ ಹೆಸರು ಬರೆಸಿ ತಾಯಿ ಕಾರ್ಡ್ ಮಾಡಿಸಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವಿಶೇಷ ತಪಾಸಣೆ ಇರುತ್ತದೆ. ಹೆರಿಗೆ, ಔಷಧಿ, ರಕ್ತ, ಊಟ ಎಲ್ಲ ಪುಕ್ಕಟೆ. ವಾಪಸ್ ಮನೆಗೆ ಬಿಡಲು ನಗು ಮಗು ಗಾಡಿಯೂ ಇದೆ.

ನಮ್ಮ ಕಡೆಯ ಕಷ್ಟ ಬೇರೆ. ಜುಲೈ, ಆಗಸ್ಟ್‌ನಲ್ಲಿ ದಿನ ತುಂಬುವುದಾದರೆ ಕಾಲುಸಂಕ ಮುಳುಗಬಹುದು, ಮರ ಬಿದ್ದು ರಸ್ತೆ ಕಟ್ಟಬಹುದು. ಅಂಥ ಮನೆಯವರು ಡಾಕ್ಟರ್ ಕೊಟ್ಟ ದಿನಕ್ಕೆ ಹತ್ತು ದಿನ ಮೊದಲೇ ಪೇಟೆಯ ನೆಂಟರ ಮನೆಗೆ ಬಂದಿರಿ. ಇದನ್ನು ಏಳನೇ ತಿಂಗಳಲ್ಲೇ ಆಶಾ ಜೊತೆ ಕೂತು ಮಾತಾಡಿ.

ಮಗುವಿನ ಲಸಿಕೆ ಸಾಮಾನ್ಯವಾಗಿ ಗುರುವಾರ. ಹುಟ್ಟಿದಾಗ, ಆಮೇಲೆ 6, 10, 14ನೇ ವಾರ, 9ನೇ ತಿಂಗಳು, ಒಂದೂವರೆ ವರ್ಷದ ಹೊತ್ತಿಗೆ, ಮತ್ತೆ ಶಾಲೆಗೆ ಸೇರುವ ವಯಸ್ಸಲ್ಲಿ. ಒಂದು ತಪ್ಪಿದರೆ ಮೊದಲಿನಿಂದ ಶುರುಮಾಡಬೇಕಿಲ್ಲ, ಮುಂದಿನದನ್ನು ಹಾಕಿಸಿ. ಕಾರ್ಡ್ ಮಾತ್ರ ಕಳೆಯಬೇಡಿ.

ಹಂತ 7: ಮೂವತ್ತು ದಾಟಿದ ಮೇಲೆ

ಬಿಪಿ, ಶುಗರ್ ಎರಡೂ ಸದ್ದಿಲ್ಲದೆ ಬರುತ್ತವೆ. ಉಪಕೇಂದ್ರದಲ್ಲಿ ಪುಕ್ಕಟೆ ನೋಡುತ್ತಾರೆ, ಮಾತ್ರೆಯೂ ಅಲ್ಲೇ ಸಿಗುತ್ತದೆ. ತಿಂಗಳ ಮಾತ್ರೆ ತರಲು ಮರೆತು ನಾಲ್ಕು ದಿನ ಬಿಟ್ಟರೂ ತೊಂದರೆ. ಮಳೆಗಾಲಕ್ಕೆ ಮುಂಚೆ ಎರಡು ತಿಂಗಳಿಗೆ ಆಗುವಷ್ಟು ಕೊಡಿ ಎಂದು ಕೇಳಿ ನೋಡಿ.

ಇಲ್ಲಿ ಕವಳದ ಮಾತು ಆಡಲೇಬೇಕು. ಅಡಿಕೆ ನಮ್ಮ ಅನ್ನ. ಆದರೂ ತಂಬಾಕು ಇಲ್ಲದ ಎಲೆಯಡಿಕೆಯೂ ಬಾಯಿ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಹೇಳಿದೆ. ತಂಬಾಕು ಸೇರಿದರೆ ಅಪಾಯ ಹೆಚ್ಚು. ಬೆಳೆಯುವವರು ನಾವೇ ಆದ್ದರಿಂದ ನಮಗೆ ಇದನ್ನು ಕೇಳಲು ಕಷ್ಟ. ಬಿಡಲಾಗದವರು ಕನಿಷ್ಠ ವರ್ಷಕ್ಕೊಮ್ಮೆ ಬಾಯಿ ತೋರಿಸಿ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರಕ್ಕೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದಿರುವುದು, ಇವು ಕಂಡರೆ ಕಾಯಬೇಡಿ. ಹೆಂಗಸರು ಸ್ತನ ಮತ್ತು ಗರ್ಭಕೊರಳಿನ ತಪಾಸಣೆಯನ್ನೂ ಕೇಳಿ ಮಾಡಿಸಿಕೊಳ್ಳಿ.

ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ. ಕ್ಷಯ ಎಂದಾದರೆ ಔಷಧಿ ಪುಕ್ಕಟೆ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. ನಿದ್ದೆ ಬಾರದೆ, ಸಾಲದ ಚಿಂತೆಯಲ್ಲಿ, ಒಂಟಿ ಮನೆಯಲ್ಲಿ ಕುಗ್ಗಿಹೋದವರು 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಯಾವ ಹೊತ್ತಿಗಾದರೂ.

ಹಂತ 8: ದೊಡ್ಡ ಆಸ್ಪತ್ರೆಗೆ ಹೋಗುವ ಮುಂಚೆ ಚೀಟಿ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಯೋಜನೆಯ ದರದಲ್ಲಿ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದ ತನಕ. ತುರ್ತು ಇಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಮೊದಲು ಮಣಿಪಾಲಕ್ಕೋ ಮಂಗಳೂರಿಗೋ ಹೋಗಿ, ಬಿಲ್ ಆದ ಮೇಲೆ ಚೀಟಿಗೆ ಓಡಾಡಿದರೆ ಪ್ರಯೋಜನ ಇಲ್ಲ. ರೇಷನ್ ಕಾರ್ಡ್, ಆಧಾರ್ ಎರಡರ ನಕಲನ್ನೂ ಒಂದು ಕವರಿನಲ್ಲಿ ಹಾಕಿಡಿ. ಮನೆಯಲ್ಲಿ ಎಲ್ಲರ ಆಯುಷ್ಮಾನ್ ಕಾರ್ಡನ್ನೂ ಗ್ರಾಮ ಒನ್ ಸೇವಾ ಕೇಂದ್ರದಲ್ಲಿ ಈಗಲೇ ಮಾಡಿಸಿ.

ಹಂತ 9: ಸಿಗದಿದ್ದರೆ ಕೇಳಿ

ಪ್ರತಿ ಊರಿಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿ ಇರಬೇಕು. ಪಿಎಚ್‌ಸಿಗೆ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ. ಇವುಗಳಲ್ಲಿ ಯಾರಿದ್ದಾರೆ, ಯಾವಾಗ ಸಭೆ ಎಂದು ಕೇಳುವ ಹಕ್ಕು ನಿಮಗಿದೆ. ಆದರೆ ಸಿಟ್ಟನ್ನೆಲ್ಲ ಆಶಾ ಮೇಲೆ ತೀರಿಸಬೇಡಿ. ಎಣ್ಣೆ ಬಾರದಿದ್ದರೆ, ಔಷಧಿ ಮುಗಿದಿದ್ದರೆ, ಡಾಕ್ಟರ ಹುದ್ದೆ ಖಾಲಿ ಇದ್ದರೆ ಅದು ಅವರ ಕೈಲಿಲ್ಲ. ಗುಡ್ಡ ಹತ್ತಿ ಇಳಿದು ಮನೆ ಮನೆಗೆ ಬರುವ ಅವರಿಗೆ ಒಂದು ಲೋಟ ನೀರು, ಕೂರಲು ಜಾಗ ಕೊಡಿ.

ಗ್ರಾಮ ಸಭೆಯಲ್ಲಿ ಕೇಳುವಾಗ ಗೊತ್ತಾದ ವಿಷಯ ಇಟ್ಟುಕೊಂಡು ಕೇಳಿ. "ಆಸ್ಪತ್ರೆ ಸರಿ ಇಲ್ಲ" ಅಂದರೆ ಯಾರೂ ಬರೆದುಕೊಳ್ಳುವುದಿಲ್ಲ. "ನಮ್ಮ ಪಿಎಚ್‌ಸಿಯಲ್ಲಿ ಹಾವಿನ ಔಷಧಿ ಎಷ್ಟು ಬಾಟಲಿ ಇದೆ? ಡೆಪಾ ಎಣ್ಣೆ ಡಿಸೆಂಬರ್‌ಗೆ ಮುಂಚೆ ಎಷ್ಟು ಮನೆಗೆ ಕೊಡುತ್ತೀರಿ? ಮೇಲಿನಕೇರಿ ಬಾವಿಯ ನೀರು ಕೊನೆಯ ಸಲ ಯಾವಾಗ ಪರೀಕ್ಷೆ ಆಯಿತು?" ಎಂದು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಅಷ್ಟಕ್ಕೂ ಆಗದಿದ್ದರೆ 104ಕ್ಕೆ ದೂರು ಕೊಡಿ, ತಾಲೂಕು ಆರೋಗ್ಯಾಧಿಕಾರಿಗೆ ಅರ್ಜಿ ಬರೆಯಿರಿ. ಅರ್ಜಿಗೆ ನಾಲ್ಕಾರು ಮನೆಯವರ ಸಹಿ ಇರಲಿ. ನಿಮ್ಮ ಪ್ರತಿಯ ಮೇಲೆ ಕಚೇರಿಯ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ.